ತೂಕದ ಕೋಣೆಗೆ ಎಂಥ ಕಿವಿ ಬೇಕು?

ಮಾತಿನಿಂದ ನಡೆಯುವ ಕಂಪ್ಯೂಟರ್ ತಂತ್ರಾಂಶವೊಂದನ್ನು ಕನ್ನಡದಲ್ಲಿ ಮಾಡಹೊರಟವರು ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಾರೆ: ಕನ್ನಡವನ್ನು ಎಲ್ಲಕ್ಕಿಂತ ಚೆನ್ನಾಗಿ ಗುರುತಿಸುವ ಸಲಕರಣೆ ಯಾವುದು? ಅದನ್ನು ತಂದು ಜೋಡಿಸಿದರೆ ಉಳಿದದ್ದು ತಾನಾಗಿ ಆಗುತ್ತದೆ ಎಂಬುದು ಈ ಪ್ರಶ್ನೆಯ ಹಿಂದಿರುವ ನಂಬಿಕೆ. ಆಡಿದ್ದನ್ನೆಲ್ಲ ಬರೆದುಕೊಳ್ಳುವುದು ಒಂದು ಕೆಲಸ, ಹೇಳಿದ್ದನ್ನು ಮಾಡುವುದು ಇನ್ನೊಂದು. ಎರಡಕ್ಕೂ ಮಾತನ್ನು ಗುರುತಿಸಬೇಕು, ನಿಜ. ಆದರೆ ಮೊದಲನೆಯದರಲ್ಲಿ ಯಾವುದು ಗುಣವೋ ಎರಡನೆಯದರಲ್ಲಿ ಅದೇ ಅಪಾಯವಾಗಬಹುದು. ಸಲಕರಣೆಗಳನ್ನು ಆರಿಸುವಾಗ ಈ ಎರಡನ್ನೂ ಒಂದೇ ಅಳತೆಯಿಂದ ಅಳೆಯುತ್ತಿದ್ದೇವೆ ಎಂಬುದು ನನ್ನ ತಕರಾರು.

ಹಾಗೆಂದು ಆ ನಂಬಿಕೆ ಬುಡವಿಲ್ಲದ್ದಲ್ಲ. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಲ್ಲಿ ಮಾತಿನಿಂದ ಕಂಪ್ಯೂಟರ್ ನಡೆಸುವ ಸೌಲಭ್ಯವಿತ್ತು. ಅದಕ್ಕೆ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ, ಚೀನೀ ಭಾಷೆಗಳು ಬರುತ್ತಿದ್ದವು, ಭಾರತದ ಒಂದು ಭಾಷೆಯೂ ಬರುತ್ತಿರಲಿಲ್ಲ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ. 2022ರ ಜುಲೈನಲ್ಲಿ ಕೇಂದ್ರ ಸರಕಾರದ ಭಾಷಾ ತಂತ್ರಜ್ಞಾನ ಯೋಜನೆ ಭಾಷಿಣಿ ಬಂತು, ಸೆಪ್ಟೆಂಬರ್‌ನಲ್ಲಿ ಮಾತನ್ನು ಬರಹಕ್ಕಿಳಿಸುವ, ಓಪನ್‌ಎಐ ಸಂಸ್ಥೆಯ ವಿಸ್ಪರ್ ಬಂತು. ಅದೇ ಹೊತ್ತಿಗೆ ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗಾಗಿಯೇ ತಯಾರಿಸಿದ, ಮಾತು ಗುರುತಿಸುವ ಮಾಡೆಲ್‌ಗಳನ್ನು ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡುತ್ತಿತ್ತು. ಬಹುಕಾಲ ಏನೂ ಇಲ್ಲದ ಭಾಷೆಗೆ ಒಮ್ಮೆಲೇ ಇಷ್ಟು ಬಂದಾಗ, ಅವುಗಳಲ್ಲಿ ತಪ್ಪು ಕಡಿಮೆ ಮಾಡುವುದನ್ನು ಆರಿಸಿಕೊಳ್ಳೋಣ ಎನ್ನುವುದು ಸಹಜ. ಇದನ್ನು ಸಮರ್ಥಿಸುವವರಿಗೆ ಗಟ್ಟಿಯಾದ ಕಾರಣಗಳೂ ಇವೆ. ಎಲ್ಲ ಮಾತನ್ನೂ ಬಲ್ಲದ್ದು ಮೂವತ್ತು ಆಜ್ಞೆಗಳನ್ನು ಬಲ್ಲದೆ ಇರುತ್ತದೆಯೇ? ತಪ್ಪಿನ ಪ್ರಮಾಣ ಬಹಿರಂಗವಾಗಿ ಅಳೆದ ಅಂಕಿ, ಅಂಗಡಿಯವನ ಹೊಗಳಿಕೆಯಲ್ಲ. ಮೇಲಾಗಿ ದೊಡ್ಡ ಮಾಡೆಲ್‌ಗಳು ನಾವು ಕೈಯಿಂದ ಕಾಸು ಹಾಕದೆಯೇ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ.

ವಾದ ಗಾಳಿಯಲ್ಲಿ ತೇಲದಿರಲೆಂದು ಒಂದು ಜಾಗವನ್ನು ಇಟ್ಟುಕೊಳ್ಳೋಣ. ಬಳ್ಳಾರಿ ಜಿಲ್ಲೆಯ ದೇಶನೂರು, ಸಿರುಗುಪ್ಪದ ಸುತ್ತ ತುಂಗಭದ್ರೆಯ ನೀರಿನಲ್ಲಿ ನೆಲ್ಲು ಬೆಳೆಯುತ್ತದೆ, ಊರಿಗೆ ಅಂಟಿಕೊಂಡೇ ಅಕ್ಕಿ ಗಿರಣಿಗಳಿವೆ. ಅಂಥ ಒಂದು ಗಿರಣಿಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಕೋಣೆಯನ್ನು ಊಹಿಸಿಕೊಳ್ಳಿ. ಸುಗ್ಗಿಯಲ್ಲಿ ಲಾರಿ, ಟ್ರ್ಯಾಕ್ಟರ್‌ಗಳು ಸಾಲುಗಟ್ಟಿವೆ. ಗುಮಾಸ್ತ ಕಿಟಕಿಯಿಂದ ಬಗ್ಗಿ ಚಾಲಕನೊಡನೆ ಮಾತಾಡಬೇಕು, ಮಾದರಿ ನೆಲ್ಲನ್ನು ಕೈಯಲ್ಲಿ ಹಿಡಿದು ನೋಡಬೇಕು, ಜೊತೆಗೆ ಕಂಪ್ಯೂಟರ್‌ನಲ್ಲಿ ಚೀಟಿಯನ್ನೂ ತಯಾರಿಸಬೇಕು. ತೂಕ ತಕ್ಕಡಿಯಿಂದ ತಂತಿಯ ಮೂಲಕ ತಾನೇ ಬರುತ್ತದೆ. ಬಾಯಿಯಿಂದ ಹೇಳಬೇಕಾದದ್ದು ಹೊಸ ಚೀಟಿ ಶುರು ಮಾಡು, ತುಂಬಿದ ತೂಕ ಹಾಕು, ಖಾಲಿ ತೂಕ ಹಾಕು, ಲಾರಿ ನಂಬರು ಇದು, ತಳಿ ಸೋನಾ ಮಸೂರಿ, ಚೀಲ ಇಷ್ಟು, ಚೀಟಿ ಮುದ್ರಿಸು ಎಂಬಂಥ ಮೂವತ್ತು ಆಜ್ಞೆಗಳಷ್ಟು. ಆ ಕೋಣೆಯ ಮಾತು ಪಠ್ಯಪುಸ್ತಕದ ಕನ್ನಡವಲ್ಲ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಅಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಸಿರುಗುಪ್ಪ ಮೈಸೂರಿಗೆ ಬಂತು. ಗಡಿ ಎಳೆದರೂ ನೆಂಟಸ್ತಿಕೆಯಾಗಲಿ ವ್ಯಾಪಾರವಾಗಲಿ ನಿಲ್ಲಲಿಲ್ಲ. ಹೀಗಾಗಿ ಅಲ್ಲಿ ಒಬ್ಬನೇ ಮನುಷ್ಯ ಒಂದೇ ಮಾತಿನಲ್ಲಿ ಕನ್ನಡದ ಕ್ರಿಯಾಪದ, ತೆಲುಗಿನ ಸಂಬೋಧನೆ, ಇಂಗ್ಲಿಷಿನ ಅಂಕಿಗಳನ್ನು ಬಳಸುವುದು ದಿನನಿತ್ಯದ ಸಂಗತಿ.

ಎಲ್ಲವನ್ನೂ ಬಲ್ಲದ್ದು ಸ್ವಲ್ಪವನ್ನೂ ಬಲ್ಲದು ಎಂಬ ಮಾತನ್ನು ಈ ಕೋಣೆಯಲ್ಲಿಟ್ಟು ನೋಡೋಣ. ಬರಹಕ್ಕಿಳಿಸುವ ಮಾಡೆಲ್ ನೂರಕ್ಕೆ ತೊಂಬತ್ತು ಪದಗಳನ್ನು ಸರಿಯಾಗಿ ಗುರುತಿಸುತ್ತದೆ ಎಂದಿಟ್ಟುಕೊಳ್ಳಿ. ಗದ್ದಲದ ಕೋಣೆಯಲ್ಲಿ ಇದು ಕಡಿಮೆ ಸಾಧನೆಯಲ್ಲ. ಮೂರು ಪದಗಳ ಒಂದು ಆಜ್ಞೆ ಪೂರ್ತಿ ಸರಿಯಾಗಿ ಬರುವ ಸಂಭವ ಆಗ ನೂರಕ್ಕೆ 73 ಮಾತ್ರ, ಐದು ಪದಗಳದಾದರೆ 59. ಇದರ ಮೇಲೆ, ಬಂದ ಬರಹವನ್ನು ತಂತ್ರಾಂಶ ತನ್ನಲ್ಲಿರುವ ಕಾಗುಣಿತಕ್ಕೆ ಹೋಲಿಸಿ ನೋಡುತ್ತದೆ. ಗುಮಾಸ್ತ ‘ಖಾಲಿ’ಯನ್ನು ‘ಕಾಲಿ’ ಎನ್ನುತ್ತಾನೆ, ಮಾಡೆಲ್ ನಿಷ್ಠೆಯಿಂದ ಹಾಗೆಯೇ ಬರೆಯುತ್ತದೆ, ಹೋಲಿಕೆ ತಪ್ಪುತ್ತದೆ. ಇಲ್ಲಿ ಮಾಡೆಲ್‌ನ ಕೇಳುವಿಕೆಯಲ್ಲಿ ಲೋಪವೇ ಇಲ್ಲ. ಲಕ್ಷಾಂತರ ಪದಗಳ ನಡುವೆ ಹುಡುಕು ಎಂದು ಬಿಟ್ಟಿದ್ದೇ ಲೋಪ. ಅದೇ ಧ್ವನಿಯನ್ನು, ಈ ಹಂತದಲ್ಲಿ ಬರಬಹುದಾದ ಮಾತುಗಳು ಮೂವತ್ತೇ, ಅವುಗಳಲ್ಲಿ ಯಾವುದಕ್ಕೆ ಹೆಚ್ಚು ಹತ್ತಿರ ಎಂದು ಕೇಳಿದರೆ ‘ಕಾಲಿ ತೂಕ ಆಕು’ ಎಂದರೂ ಉತ್ತರ ಖಚಿತ. ಹುಡುಕಾಟದ ವ್ಯಾಪ್ತಿ ಕಿರಿದಾದಷ್ಟೂ ಸಾಧಾರಣ ಕಿವಿಯೂ ಚುರುಕಾಗುತ್ತದೆ. 1962ರಲ್ಲಿ ಐಬಿಎಂ ಪ್ರದರ್ಶಿಸಿದ ‘ಶೂಬಾಕ್ಸ್’ ಯಂತ್ರಕ್ಕೆ ಗೊತ್ತಿದ್ದದ್ದು ಹದಿನಾರೇ ಪದ, ಹತ್ತು ಅಂಕಿಗಳು ಮತ್ತು ಕೂಡು, ಕಳೆ ಎಂಬಂಥ ಕೆಲವು ಆಜ್ಞೆಗಳು. ಅಷ್ಟರಿಂದಲೇ ಅದು ಲೆಕ್ಕದ ಯಂತ್ರವನ್ನು ನಡೆಸುತ್ತಿತ್ತು.

ನಮ್ಮಲ್ಲೇ ಇದಕ್ಕೆ ಹತ್ತಿರದ ನಿದರ್ಶನವಿದೆ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದ ತಿಮ್ಮರಾಜ ಯಾದವ ಮತ್ತು ಎಚ್.ಎಸ್. ಜಯಣ್ಣ ಅವರು ಕೃಷಿ ಉತ್ಪನ್ನಗಳ ಮಾರುಕಟ್ಟೆ ದರ ಮತ್ತು ಹವಾಮಾನವನ್ನು ಫೋನಿನಲ್ಲಿ ಕನ್ನಡದಲ್ಲೇ ಕೇಳಿ ತಿಳಿಯುವ ವ್ಯವಸ್ಥೆಯೊಂದನ್ನು ರೂಪಿಸಿ 2017ರಲ್ಲಿ ಪ್ರಕಟಿಸಿದರು. ಬಳಸಿದ್ದು ಕಾಲ್ಡಿ ಎಂಬ ಮುಕ್ತ ಸಲಕರಣೆ. ಇಂದಿನ ದೈತ್ಯ ಮಾಡೆಲ್‌ಗಳ ಮುಂದೆ ಅದು ಹಳೆಯ ತಲೆಮಾರಿನದು. ಆದರೆ ಅವರು ಕರ್ನಾಟಕದ ಬೇರೆ ಬೇರೆ ಆಡುನುಡಿ ಪ್ರದೇಶಗಳಲ್ಲಿ ಸಾವಿರಾರು ರೈತರ ಧ್ವನಿಯನ್ನು ಸಂಗ್ರಹಿಸಿದ್ದರು, ಮತ್ತು ಜಿಲ್ಲೆ, ಮಾರುಕಟ್ಟೆ, ಉತ್ಪನ್ನಗಳ ಹೆಸರುಗಳಿಗಷ್ಟೇ ಕಿವಿಗೊಡುವಂತೆ ವ್ಯವಸ್ಥೆಯನ್ನು ಕಟ್ಟಿದ್ದರು. ಯಾರ ಮಾತು, ಎಷ್ಟು ಮಾತು ಎಂಬೆರಡು ಪ್ರಶ್ನೆಗಳನ್ನು ಅವರು ಸಲಕರಣೆಯ ಪ್ರಶ್ನೆಗಿಂತ ಮುಂದೆ ಇಟ್ಟಿದ್ದರು. ಈ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಎಂದು ನನಗನಿಸುತ್ತದೆ. ಎಲ್ಲವನ್ನೂ ಬಲ್ಲ ಯಂತ್ರದ ಸುದ್ದಿಯ ಎದುರು ಕೆಲವೇ ಹೆಸರುಗಳನ್ನು ಬಲ್ಲ ಯಂತ್ರ ಸುದ್ದಿಯಾಗುವುದಿಲ್ಲ.

ಇನ್ನು ಬಹಿರಂಗವಾಗಿ ಅಳೆದ ಅಂಕಿಯ ವಿಷಯ. ನೂರು ಪದಕ್ಕೆ ಎಷ್ಟು ತಪ್ಪು ಎಂದು ಎಣಿಸುವ ಪದದೋಷ ಪ್ರಮಾಣ ಎಂಬ ಅಳತೆ ಇಂಗ್ಲಿಷಿಗೆ ಹೊಲಿದ ಅಂಗಿ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೆ ಅಂಟುತ್ತವೆ, ಪದಗಳು ಒಂದರೊಡನೊಂದು ಕೂಡುತ್ತವೆ. ‘ಹೋಗಿಬಿಟ್ಟಿದ್ದಾನೆ’ ಎಂದಿರಬೇಕಾದಲ್ಲಿ ಮಾಡೆಲ್ ‘ಹೋಗಿ ಬಿಟ್ಟಿದ್ದಾನೆ’ ಎಂದು ಬರೆದರೆ ಈ ಅಳತೆಯ ಪ್ರಕಾರ ಎರಡು ತಪ್ಪು: ಒಂದು ಪದ ಬದಲಾಯಿತು, ಒಂದು ಹೆಚ್ಚಾಯಿತು. ಓದುಗನಿಗೆ ಒಂದೂ ತಪ್ಪಿಲ್ಲ. ‘ಎಪ್ಪತ್ತೈದು’ ಎಂಬುದನ್ನು ‘75’ ಎಂದು ಬರೆದರೂ ತಪ್ಪು. ಆದ್ದರಿಂದ ಇಂಗ್ಲಿಷಿಗೆ ನೂರಕ್ಕೆ ಐದು, ಕನ್ನಡಕ್ಕೆ ನೂರಕ್ಕೆ ಇಪ್ಪತ್ತು ಎಂಬ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಕನ್ನಡ ನಾಲ್ಕು ಪಟ್ಟು ಹಿಂದಿದೆ ಎಂದು ನಿಟ್ಟುಸಿರು ಬಿಡುವುದು ಅವಸರದ ತೀರ್ಮಾನ. ಇದಕ್ಕಿಂತ ಮುಖ್ಯವಾದದ್ದು ಅಂಕಿ ಯಾರ ಧ್ವನಿಯ ಮೇಲೆ ಬಂದದ್ದು ಎಂಬುದು. ಮೊದಲು ಬಂದ ವಿಸ್ಪರ್ ಕಲಿತದ್ದು 6,80,000 ಗಂಟೆಗಳ ಧ್ವನಿಯಿಂದ. ಅದರಲ್ಲಿ ಕನ್ನಡ ಮಾತಿಗೆ ಕನ್ನಡದ್ದೇ ಬರಹ ಜೋಡಿಸಿದ ಭಾಗ ಬೆರಳೆಣಿಕೆಯ ಗಂಟೆಗಳಷ್ಟೇ. ಎಐ4ಭಾರತ್ ತಂಡದ ‘ಶ್ರುತಿಲಿಪಿ’ ಸಂಗ್ರಹದಲ್ಲಿ ಹನ್ನೆರಡು ಭಾಷೆಗಳ ಆರು ಸಾವಿರಕ್ಕೂ ಹೆಚ್ಚು ಗಂಟೆಗಳ ಧ್ವನಿಯಿದೆ, ಆದರೆ ಅದು ಆಕಾಶವಾಣಿಯ ವಾರ್ತೆಗಳಿಂದ ಆಯ್ದದ್ದು. ವಾರ್ತೆ ಓದುವವರ ಕನ್ನಡ ಚೆಂದ. ಸ್ಟುಡಿಯೋದ ಮೌನದಲ್ಲಿ, ಮಹಾಪ್ರಾಣ ಅಲ್ಪಪ್ರಾಣಗಳನ್ನು ಬಿಡಿಬಿಡಿಯಾಗಿ ಉಚ್ಚರಿಸುವ ಕನ್ನಡ. ಅದರ ಮೇಲೆ ಬೆಳೆದ ಕಿವಿಗೆ ಗಿರಣಿಯ ಗದ್ದಲದಲ್ಲಿ ಕೂಗಿ ಹೇಳುವ ಕನ್ನಡ ಹೊಸದು.

ಈ ಕೊರತೆಯನ್ನು ಬಲ್ಲವರು ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಉಪಭಾಷೆವಾರು ಸಂಗ್ರಹಿಸಿತು. ಅದೇ ಸಂಸ್ಥೆ ಗೂಗಲ್ ಜೊತೆ ನಡೆಸುತ್ತಿರುವ ‘ವಾಣಿ’ ಯೋಜನೆ ಜಿಲ್ಲೆಗಳನ್ನೇ ಘಟಕವಾಗಿಟ್ಟುಕೊಂಡು, ಚಿತ್ರ ತೋರಿಸಿ ಜನರಿಂದ ಮಾತಾಡಿಸಿ ಧ್ವನಿ ಸಂಗ್ರಹಿಸುತ್ತದೆ. ಬಳ್ಳಾರಿ ಅದರ ಜಿಲ್ಲೆಗಳಲ್ಲಿ ಒಂದು. ಇವು ನಿಜಕ್ಕೂ ದೊಡ್ಡ ಕೆಲಸಗಳು. ಆದರೂ ಚಿತ್ರ ನೋಡಿ ವರ್ಣಿಸುವ ಮಾತು ಬೇರೆ, ‘ಕೆಎ ಥರ್ಟಿಫೋರ್’ ಎಂದು ಲಾರಿ ನಂಬರ್ ಒದರುವ ಮಾತು ಬೇರೆ. ಸಿರುಗುಪ್ಪದ ಗುಮಾಸ್ತ ನೆಲ್ಲಿನ ಲೆಕ್ಕವನ್ನು 75 ಕೆ.ಜಿ. ಚೀಲದಲ್ಲಿ ಹೇಳುತ್ತಾನೆ, ಚೀಲದ ಎಣಿಕೆ ಕನ್ನಡದಲ್ಲಿ, ನಂಬರು ಇಂಗ್ಲಿಷಿನಲ್ಲಿ. ಎಂಬತ್ತು ತೊಂಬತ್ತು, ಥರ್ಟೀನ್ ಥರ್ಟಿ ಇವು ಗದ್ದಲದಲ್ಲಿ ಮನುಷ್ಯರ ಕಿವಿಗೇ ಗೊಂದಲ. ಅಂಕಿಗಳ ಗೊಂದಲವನ್ನು ಯಾವ ಮಾಡೆಲ್ ಆರಿಸಿದರೂ ಪೂರ್ತಿ ಕಳೆಯಲಾಗದು. ಪರದೆಯ ಮೇಲೆ ದೊಡ್ಡಕ್ಷರದಲ್ಲಿ ತೋರಿಸಿ ‘ಹೌದು’ ಎನ್ನಿಸಿಕೊಳ್ಳುವ ವಿನ್ಯಾಸದಿಂದ ಮಾತ್ರ ಅದನ್ನು ನಿಭಾಯಿಸಬಹುದು.

ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಅತಿ ಕಡಿಮೆ ವಿಚಾರಕ್ಕೆ ಬಂದದ್ದು ಇನ್ನೊಂದು ಸಂಗತಿ: ತನ್ನನ್ನು ಉದ್ದೇಶಿಸದ ಮಾತನ್ನು ಕೇಳಿದಾಗ ಯಂತ್ರ ಏನು ಮಾಡುತ್ತದೆ? ಬರಹಕ್ಕಿಳಿಸುವ ಯಂತ್ರಕ್ಕೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಮೈಕಿನ ಮುಂದೆ ಬಿದ್ದ ಮಾತೆಲ್ಲ ಅದಕ್ಕೆ ಬರೆಯಲಿಕ್ಕೇ ಇರುವುದು. ಆಜ್ಞೆ ಪಾಲಿಸುವ ಯಂತ್ರದ ಸ್ಥಿತಿ ತಿರುವುಮುರುವು. ಅದು ಕೇಳುವ ಮಾತಿನಲ್ಲಿ ಬಹುಪಾಲು ಅದಕ್ಕೆ ಸಂಬಂಧಿಸಿದ್ದಲ್ಲ. ಕೋಣೆಯಲ್ಲಿ ದಿನಕ್ಕೆ ಮೂರು ಸಾವಿರ ವಾಕ್ಯಗಳು ಓಡಾಡುತ್ತವೆ, ಅವುಗಳಲ್ಲಿ ಇನ್ನೂರು ಮಾತ್ರ ಆಜ್ಞೆಗಳು ಎಂದಿಟ್ಟುಕೊಳ್ಳೋಣ. ಇನ್ನೂರರಲ್ಲಿ ನಾಲ್ಕನ್ನು ಯಂತ್ರ ಹಿಡಿಯದಿದ್ದರೆ ಗುಮಾಸ್ತ ಗೊಣಗುತ್ತ ಇನ್ನೊಮ್ಮೆ ಹೇಳುತ್ತಾನೆ, ಅಲ್ಲಿಗೆ ಮುಗಿಯಿತು. ಉಳಿದ ಎರಡು ಸಾವಿರದ ಎಂಟುನೂರರಲ್ಲಿ ಸಾವಿರಕ್ಕೊಂದನ್ನು ಆಜ್ಞೆಯೆಂದು ತಪ್ಪಾಗಿ ತಿಳಿದರೂ ದಿನಕ್ಕೆ ಎರಡು ಮೂರು ಬಾರಿ ಯಾರೂ ಹೇಳದ ಕೆಲಸ ನಡೆಯುತ್ತದೆ. ಅದರಲ್ಲೊಂದು ತೂಕದ ಚೀಟಿಯನ್ನು ಅಳಿಸುವುದಾಗಿದ್ದರೆ ರೈತನಿಗೂ ಗಿರಣಿಗೂ ಜಗಳ. ಪ್ರಕಟವಾದ ಪದದೋಷ ಪ್ರಮಾಣದಲ್ಲಿ ಈ ಎರಡನೆಯ ಬಗೆಯ ತಪ್ಪಿಗೆ ಜಾಗವೇ ಇಲ್ಲ. ವಿಸ್ಪರ್‌ನಂಥ ಮಾಡೆಲ್‌ಗಳಲ್ಲಿ ಮಾತೇ ಇಲ್ಲದ ಸದ್ದಿಗೂ ಎಲ್ಲಿಂದಲೋ ವಾಕ್ಯ ಹೊಸೆದು ಬರೆಯುವ ಚಾಳಿ ಇದೆ ಎಂಬುದು ಬಳಸಿದವರಿಗೆ ಗೊತ್ತಿರುವ ಸಂಗತಿ. ಉಪನ್ಯಾಸದ ಬರಹದಲ್ಲಿ ಅದು ನಗು ತರಿಸಬಹುದು, ಇಲ್ಲಿ ತರಿಸದು. ಪಾಕೆಟ್‌ಸ್ಫಿಂಕ್ಸ್‌ನಂಥ ಹಳೆಯ, ಚಿಕ್ಕ ಸಲಕರಣೆಗಳಲ್ಲಾದರೋ ಪ್ರತಿಯೊಂದು ನುಡಿಗಟ್ಟಿಗೂ ಎಷ್ಟು ಖಾತ್ರಿಯಾದರೆ ಒಪ್ಪಬೇಕು ಎಂಬ ಮಿತಿಯನ್ನು ನಾವೇ ಗೊತ್ತುಮಾಡಬಹುದು. ಮೇಜಿನ ಕೆಳಗೆ ಕಾಲಿನಿಂದ ಒತ್ತುವ ಒಂದು ಗುಂಡಿ ಇಟ್ಟು, ಒತ್ತಿದಾಗ ಮಾತ್ರ ಕೇಳು ಎಂದರೆ ಇದರಲ್ಲಿ ಮುಕ್ಕಾಲು ಸಮಸ್ಯೆ ಹೋಗುತ್ತದೆ. ಆ ಗುಂಡಿ ಯಾವ ತುಲನಾ ಪಟ್ಟಿಯಲ್ಲೂ ಇಲ್ಲ.

ಹಾಗಾಗಿ ಸಲಕರಣೆಯ ಹೆಸರು ಹೇಳುವ ಮೊದಲು ಈ ಕ್ರಮದಲ್ಲಿ ಯೋಚಿಸುವುದು ವಾಸಿ:

1. ತಂತ್ರಾಂಶ ಒಟ್ಟು ಎಷ್ಟು ಬಗೆಯ ಮಾತನ್ನು ಕೇಳಬೇಕು, ಆ ಪಟ್ಟಿ ಮುಚ್ಚಿದ್ದೋ ತೆರೆದದ್ದೋ.

2. ಪಟ್ಟಿಯೊಳಗಿನ ಮಾತುಗಳು ಒಂದರಿಂದೊಂದು ಕಿವಿಗೆ ದೂರವಾಗಿವೆಯೇ. ಮುದ್ರಿಸಲು ‘ಚೀಟಿ ತೆಗಿ’, ಅಳಿಸಲು ‘ಚೀಟಿ ತೆಗೆದುಹಾಕು’ ಎಂದಿಟ್ಟರೆ ಜಗತ್ತಿನ ಅತ್ಯುತ್ತಮ ಮಾಡೆಲ್ ಕೂಡ ಒಂದು ದಿನ ಕೈಕೊಡುತ್ತದೆ. ‘ಪ್ರಿಂಟ್ ಕೊಡು’, ‘ರದ್ದು ಮಾಡು’ ಎಂದಿಟ್ಟರೆ ಸಾಧಾರಣವಾದದ್ದೂ ಸಾಕು.

3. ಯಾವ ತಪ್ಪು ದುಬಾರಿ: ಕೇಳಿಸದಿರುವುದೋ, ಹೇಳದ್ದನ್ನು ಮಾಡುವುದೋ.

ಇವಿಷ್ಟಕ್ಕೆ ಉತ್ತರ ಸಿಕ್ಕ ಮೇಲೆ ಉಳಿದ ಮಾತು ಬೇಗ ಮುಗಿಯುತ್ತದೆ. ಅಂತರ್ಜಾಲ ಹೋದರೆ ವೇಬ್ರಿಡ್ಜ್ ನಿಲ್ಲಬಾರದು, ಆದ್ದರಿಂದ ಗುರುತಿಸುವ ಕೆಲಸ ಆ ಕಂಪ್ಯೂಟರ್‌ನಲ್ಲೇ ಆಗಬೇಕು. ಉತ್ತರ ಅರೆಕ್ಷಣದಲ್ಲಿ ಬರದಿದ್ದರೆ ಗುಮಾಸ್ತ ಕೀಲಿಮಣೆಗೆ ಮರಳುತ್ತಾನೆ. ಮೂವತ್ತು ಸೆಕೆಂಡಿನ ತುಣುಕುಗಳ ಲೆಕ್ಕದಲ್ಲಿ ಕೆಲಸ ಮಾಡುವ ವಿಸ್ಪರ್‌ನಂಥದ್ದು ಮೂಲತಃ ಇದಕ್ಕೆಂದು ಮಾಡಿದ್ದಲ್ಲ. ದಿನವಿಡೀ ತೆರೆದ ಮೈಕು ಗಿರಣಿಯ ವ್ಯವಹಾರದ ಮಾತನ್ನೆಲ್ಲ ಹೊರಗಿನ ಸರ್ವರ್‌ಗೆ ಕಳಿಸುವುದು ಯಾರಿಗೂ ಬೇಡ.

ಈಗ ಆಕ್ಷೇಪಗಳು. ಮೊದಲನೆಯದು: ಮಾಡೆಲ್ ತಪ್ಪು ಬರೆದರೂ ಅದರ ಹಿಂದೆ ಇನ್ನೊಂದು ಭಾಷಾ ಮಾಡೆಲ್ ನಿಲ್ಲಿಸಿದರೆ ಅದು ಉದ್ದೇಶವನ್ನು ಊಹಿಸಿ ಸರಿಪಡಿಸುತ್ತದಲ್ಲ? ಊಹಿಸುತ್ತದೆ, ಹಲವು ಬಾರಿ ಬೆರಗಾಗುವಷ್ಟು ಸರಿಯಾಗಿಯೇ. ತೊಂದರೆ ಇರುವುದು ಅದು ಊಹಿಸದೆ ಇರಲಾರದು ಎಂಬಲ್ಲಿ. ಗೊತ್ತಾಗಲಿಲ್ಲ ಎಂದು ಸುಮ್ಮನಿರುವುದು ಆಜ್ಞೆ ಪಾಲಿಸುವ ಯಂತ್ರದ ಮೊದಲ ಅರ್ಹತೆ. ಅರ್ಧಂಬರ್ಧ ಕೇಳಿದ್ದಕ್ಕೂ ಅರ್ಥ ಹಚ್ಚುವ ಜಾಣತನ ಇಲ್ಲಿ ಮೂರನೆಯ ಪ್ರಶ್ನೆಯ ದುಬಾರಿ ತಪ್ಪನ್ನೇ ಹೆಚ್ಚಿಸುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. ಮುಚ್ಚಿದ ಪಟ್ಟಿ ಎಂದರೆ ಮನುಷ್ಯ ಯಂತ್ರದ ಮಾತನ್ನು ಬಾಯಿಪಾಠ ಮಾಡಬೇಕು ಎಂದಾಯಿತು. ಯಂತ್ರ ಮನುಷ್ಯನ ಮಾತನ್ನು ಕಲಿಯಲಿ ಎಂದಲ್ಲವೇ ಈ ತಂತ್ರಜ್ಞಾನ ಬಂದದ್ದು? ಪಟ್ಟಿಯನ್ನು ತಂತ್ರಾಂಶ ಬರೆಯುವವನು ಬೆಂಗಳೂರಿನಲ್ಲಿ ಕೂತು ಬರೆದರೆ ಈ ಆಕ್ಷೇಪ ಪೂರ್ತಿ ನಿಜ. ಗುಮಾಸ್ತ ಈಗಾಗಲೇ ತನ್ನ ಸಹಾಯಕನಿಗೆ ಏನೆಂದು ಹೇಳುತ್ತಿದ್ದಾನೋ ಅದನ್ನೇ ಬರೆದುಕೊಂಡು ಪಟ್ಟಿ ಮಾಡಿದರೆ ಬಾಯಿಪಾಠದ ಮಾತು ಬರುವುದಿಲ್ಲ. ಒಂದು ಆಜ್ಞೆಗೆ ಐದು ರೂಪ ಇರಲಿ, ‘ಹೊಸ ಚೀಟಿ’ಯೂ ತೆಲುಗಿನ ‘ಕೊತ್ತ ಚೀಟಿ’ಯೂ ಇರಲಿ. ಮೂವತ್ತು ಆಜ್ಞೆಗಳಿಗೆ ನೂರೈವತ್ತು ರೂಪಗಳಾದವು. ಪಟ್ಟಿ ಆಗಲೂ ಮುಚ್ಚಿಯೇ ಇದೆ. ಆದರೆ ಈ ಉತ್ತರಕ್ಕೆ ಒಂದು ಗಡಿ ಇದೆ. ಚೀಟಿಯಲ್ಲಿ ರೈತನ ಹೆಸರು, ಊರು, ಷರಾ ಬರೆಯಬೇಕಾದ ಕಡೆ ಪಟ್ಟಿ ತೆರೆದದ್ದು. ಅಲ್ಲಿ ಬರಹಕ್ಕಿಳಿಸುವ ಮಾಡೆಲ್ಲೇ ಬೇಕು, ಅದಕ್ಕೆ ಪದದೋಷ ಪ್ರಮಾಣವೇ ಸರಿಯಾದ ಅಳತೆಯ ಹತ್ತಿರದ್ದು. ಕೈಯಾಡದವರು, ಕಣ್ಣು ಕಾಣದವರು ಪತ್ರ ಬರೆಯುವುದರಿಂದ ಹಿಡಿದು ಕಂಪ್ಯೂಟರ್‌ನ ಎಲ್ಲ ಕೆಲಸಕ್ಕೂ ಮಾತನ್ನೇ ನೆಚ್ಚಿದ್ದರೆ ನನ್ನ ವಾದ ಅವರಿಗೆ ಅನ್ವಯಿಸುವುದು ಅರ್ಧ ಮಾತ್ರ. ಅವರಿಗೆ ಆಜ್ಞೆಯ ಕಿವಿ ಒಂದು, ಬರಹದ ಕಿವಿ ಇನ್ನೊಂದು, ಎರಡೂ ಬೇಕು, ಮತ್ತು ಒಂದರಿಂದ ಇನ್ನೊಂದಕ್ಕೆ ದಾಟುವ ಖಚಿತವಾದ ದಾರಿಯೂ ಬೇಕು.

ಕೊನೆಯ ಆಕ್ಷೇಪ ಕನ್ನಡದ ಹಿತ ಬಯಸುವವರದ್ದು: ಎಲ್ಲರೂ ತಮ್ಮ ತಮ್ಮ ಕೋಣೆಗೆ ಚಿಕ್ಕ ಚಿಕ್ಕ ಸಲಕರಣೆ ಮಾಡಿಕೊಂಡರೆ ಕನ್ನಡಕ್ಕೊಂದು ದೊಡ್ಡ, ಸಮರ್ಥ ಮಾಡೆಲ್ ಬೆಳೆಯುವುದು ಯಾವಾಗ? ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನಾನು ಕಿರಿದಾಗಿರಲಿ ಎನ್ನುತ್ತಿರುವುದು ಹುಡುಕಾಟದ ವ್ಯಾಪ್ತಿ. ಕಲಿತ ಮಾಡೆಲ್ ಚಿಕ್ಕದಿರಬೇಕು ಎಂದಲ್ಲ. ಇವತ್ತು ಶೂನ್ಯದಿಂದ ಕನ್ನಡ ಧ್ವನಿ ಮಾಡೆಲ್ ಕಟ್ಟುತ್ತೇನೆ ಎನ್ನುವವನಿಗೆ ಬೇಡ ಎಂದೇ ಹೇಳುತ್ತೇನೆ. ಎಐ4ಭಾರತ್‌ನ ಮಾಡೆಲ್‌ಗಳಲ್ಲಿ ಹಲವು, ಧ್ವನಿಯ ಪ್ರತಿ ತುಣುಕಿಗೂ ಯಾವ ಅಕ್ಷರ ಎಷ್ಟು ಸಂಭವ ಎಂಬ ಅಂದಾಜನ್ನು ಕೊಡಬಲ್ಲವು. ಆ ಅಂದಾಜಿನ ಮೇಲೆ ನೂರೈವತ್ತು ನುಡಿಗಟ್ಟುಗಳ ಮಿತಿಯೊಳಗೇ ಹುಡುಕು ಎಂದರೆ ದೊಡ್ಡ ಸಂಗ್ರಹದ ಲಾಭವೂ ಸಿಕ್ಕಿತು, ಚಿಕ್ಕ ಪಟ್ಟಿಯ ಖಚಿತತೆಯೂ ಸಿಕ್ಕಿತು. ಕಾಲ್ಡಿಯಿಂದ ಬೆಳೆದ ವೋಸ್ಕ್‌ನಂಥ ಸಲಕರಣೆ ಇಂಥ ಪಟ್ಟಿಯನ್ನು ತಂತ್ರಾಂಶ ನಡೆಯುತ್ತಿರುವಾಗಲೇ ಬದಲಾಯಿಸಲು ಬಿಡುತ್ತದೆ: ತುಂಬಿದ ತೂಕ ಹಾಕಿದ ಮೇಲೆ ಆ ಆಜ್ಞೆಯನ್ನು ಪಟ್ಟಿಯಿಂದಲೇ ಸರಿಸಿಬಿಡಬಹುದು. ಪರೀಕ್ಷೆಗೆ ಬೇಕಾದ ಧ್ವನಿಯನ್ನು ಗಿರಣಿ ನಡೆಯುತ್ತಿರುವಾಗ, ಪಾಳಿಯ ಎಲ್ಲ ಗುಮಾಸ್ತರಿಂದ, ಅವರ ಒಪ್ಪಿಗೆ ಪಡೆದು ಅಲ್ಲೇ ಧ್ವನಿಮುದ್ರಿಸಬೇಕು. ಒಪ್ಪಿದವರ ಧ್ವನಿಯನ್ನು ಸಾರ್ವಜನಿಕ ಸಂಗ್ರಹಕ್ಕೂ ಕೊಡಬಹುದು, ಅಲ್ಲಿ ಸಿರುಗುಪ್ಪದ ನೆಲ್ಲಿನ ಮಾತಿಗೆ ಜಾಗ ಧಾರಾಳವಾಗಿದೆ. ನಾಳೆ ಆದೋನಿ ಕಡೆಯ ಹೊಸ ಗುಮಾಸ್ತನೊಬ್ಬ ಬಂದು ಬೇರೆ ರೀತಿಯಲ್ಲಿ ಹೇಳತೊಡಗಿದರೆ ಬದಲಾಗಬೇಕಾದದ್ದು ಪಟ್ಟಿಯ ಹತ್ತು ಸಾಲು, ಮಾಡೆಲ್ ಅಲ್ಲ.